ಮುದಕಮ್ಮ ಮತ್ತು ಸಂಗಡಿಗರು

ಮೂರನೆಯ ಸಲ ಕರೆ ಬಂದಾಗಲೂ ಕನಕಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಗೋಡೆಯಾಚೆ ಹೆಣ ಕೂಡಿಸಿದ್ದರು, ಗೋಡೆಯೀಚೆ ಪಟಪಟ ಸದ್ದು. ಯಲಬುರ್ಗಾದ ಕೆಳಗಿನ ಓಣಿಯಲ್ಲಿ ಸಾವಾದ ದಿನ ಹತ್ತು ಮನೆಗಳ ಒಲೆ ಹೊತ್ತುವುದಿಲ್ಲ. ಅಂಥದರಲ್ಲಿ ಸತ್ತವಳ ಸ್ವಂತ ನೆಗೆಣ್ಣಿಯೇ ಹೀಗೆ ಮಾಡುತ್ತಾಳೆಂದರೆ! ಆಚೆ ಅಂಗಳದಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಇನ್ನೂ ಇಡೀ ದಿನ ಇತ್ತು.

ಈ ಸಲ ಕರೆಯಲು ಬಂದವಳು ಮಾಳವ್ವ, ಓಣಿಯ ಹಿರಿಯಳು. ಹೊಸ್ತಿಲಾಚೆಯೇ ನಿಂತಳು.

"ಒಲಿ ಆರಿಸು, ಕನಕವ್ವ. ಹಾಡಿ ಅಳಾಕ ನೀನು ಬೇಕು."

"ಯಾಕ, ಓಣ್ಯಾಗ ಅಳಾವ್ರು ತೀರಿದ್ರೇನು?"

"ಅಳಾವ್ರು ಬೇಕಾದಷ್ಟು ಅದಾರ. ಹಾಡಾವ್ರಿಲ್ಲ. ಇದ್ದವರು ಇಬ್ಬರು. ಒಬ್ಬಾಕಿ ಸತ್ತು ಕುಂತಾಳ, ಇನ್ನೊಬ್ಬಾಕಿ ರೊಟ್ಟಿ ಬಡಿಯಾಕತ್ತಾಳ."

ಸತ್ತವರ ಬದುಕನ್ನು ಹೆಣದ ಮುಂದೆ ಕೂತು ತ್ರಿಪದಿ ಕಟ್ಟಿ ಹಾಡುತ್ತ ಅಳುವುದು ಅಲ್ಲಿಯ ಪದ್ಧತಿ. ಬರೀ ಅಳುವುದನ್ನು ಕೂಸೂ ಮಾಡುತ್ತದೆ. ಹಾಡಿ ಅಳಲು ಸತ್ತವರ ಹುಟ್ಟಿನಿಂದ ಹಿಡಿದು ಗೊತ್ತಿರಬೇಕು, ಗಂಟಲು ಇರಬೇಕು, ಅಳು ಬಂದರೂ ಸೊಲ್ಲು ತಪ್ಪಬಾರದು. ಬಹಳ ವರ್ಷ ಓಣಿಯ ಎಲ್ಲ ಸಾವಿಗೂ ಇವರಿಬ್ಬರೇ ಹಾಡಿದ್ದರು. ಮುದಕಮ್ಮ ಸೊಲ್ಲು ಎತ್ತುತ್ತಿದ್ದಳು, ಕನಕಮ್ಮ ಅದರ ತುದಿ ಹಿಡಿದು ಮುಗಿಸುತ್ತಿದ್ದಳು. ಐದು ವರ್ಷದಿಂದ ಮುದಕಮ್ಮ ಒಬ್ಬಳೇ ಹಾಡುತ್ತಿದ್ದಳು. ಈಗ ಅವಳದೇ ಸರದಿ ಬಂದಿತ್ತು.

ಕನಕಮ್ಮ ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡಳು. ನಿಜ ಹೇಳಬೇಕೆಂದರೆ ಬೆಳಗಿನಿಂದ ಅವಳು ಕರೆಯುವುದನ್ನೇ ಕಾಯುತ್ತಿದ್ದಳು. ಒಂದು ಸಲ ಕರೆದರೆ ಸಾಲದು, ಮೂರು ಸಲ ಕರೆಯಲಿ ಎಂದೇ ಒಲೆ ಹೊತ್ತಿಸಿದ್ದು. ಹೊಟ್ಟೆಯುರಿ ಅಷ್ಟಿತ್ತು. ಮುದಕಮ್ಮ ಸಾವನ್ನೂ ಸಂತೆಯಲ್ಲಿ ಕಾಯಿಪಲ್ಲೆ ಆರಿಸಿದಂತೆ ಆರಿಸಿಕೊಂಡಿದ್ದಳು. ಬೆಳಗ್ಗೆ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಗೋಡೆಗೆ ಒರಗಿದವಳು ಹೋಗಿಬಿಟ್ಟಿದ್ದಳು. ಗಂಡನಿಗಿಂತ ಮೊದಲು, ಕೈತುಂಬ ಹಸಿರು ಬಳೆ ಇರುವಾಗಲೇ. ಕನಕಮ್ಮನ ಗಂಡ ಕಳಕಪ್ಪ ತೀರಿ ಏಳು ವರ್ಷವಾಗಿತ್ತು. ಬೋಳುಗೈ ಒರೆಸಿಕೊಂಡು ಅವಳು ಮಾಳವ್ವನ ಹಿಂದೆ ಹೊರಟಳು.

ನಾಲಿಗೆಯ ತುದಿಯಲ್ಲಿ ಅವಳಿಗೊಂದು ಪದ ಸಿದ್ಧವಿತ್ತು. ಹಾಡಿ ಅಳುವ ನೆಪದಲ್ಲಿ ಸತ್ತವರಿಗೆ ಚುಚ್ಚುವ ಹಕ್ಕು ಹೆಂಗಸರಿಗೆ ಇದೆ. ಯಾರೂ ತಡೆಯುವಂತಿಲ್ಲ. ಅದನ್ನು ಅವಳು ಕಟ್ಟಿ ಐದು ವರ್ಷವಾಗಿತ್ತು. ಮುದಕಮ್ಮ ಗುಂಡುಕಲ್ಲಿನ ಹಾಗೆ ಇದ್ದಾಗಲೇ.

* * *

ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು. ಹಿರಿಯವಳು ಮುದಕಮ್ಮ, ಕಾಲುವೆ ನೀರಿನ ಸಿದ್ದಾಪುರದವಳು, ತಾಲೂಕು ಕಚೇರಿಯಲ್ಲಿ ಜವಾನನಾಗಿದ್ದ ಹನುಮಂತಪ್ಪನ ಹೆಂಡತಿ. ಕಿರಿಯವಳು ಕನಕಮ್ಮ, ಕುಷ್ಟಗಿ ಕಡೆಯವಳು. ಹಬ್ಬ ಬಂದರೆ ಹಿರಿಯವಳ ತವರಿಂದ ಬಸ್ಸಿನ ಮೇಲೆ ಅಕ್ಕಿಯ ಚೀಲ ಬರುತ್ತಿತ್ತು. ಕಿರಿಯವಳ ತವರಿಂದ ನೆಂಟರು ಬರುತ್ತಿದ್ದರು, ಬರಿಗೈಯಲ್ಲಿ.

ಕನಕಮ್ಮ ಬಂದ ಮರುದಿನ ಬೆಳಗ್ಗೆ ಮುದಕಮ್ಮ ಬೀಸುಕಲ್ಲಿನ ಮುಂದೆ ಕೂಡಿಸಿ, ಗೂಟ ಹಿಡಿ ಎಂದಿದ್ದಳು. ಎರಡು ಕೈ, ಒಂದು ಗೂಟ. ಹಿರಿಯವಳು ಎತ್ತಿದ ಸೊಲ್ಲನ್ನು ಕಿರಿಯವಳು ಮುಗಿಸಬೇಕು. ಅವರೇ ಕಟ್ಟಿಕೊಂಡ ಪದವೊಂದಿತ್ತು:

ಒಂದs ಕಲ್ಲಿನ ಗೂಟ ಹಿಡದೇವ ಇಬ್ಬರು
ಬಿದ್ದ ಹಿಟ್ಟಾಗ ಯಾರ ಪಾಲು – ನೆಗೆಣ್ಣಿ
ಜರಡೀಲೆ ಹಿಡದು ತೋರವ್ವ

ಆಟವೂ ಒಂದಿತ್ತು. ಸೊಲ್ಲು ತಪ್ಪಿದವಳನ್ನು ಇನ್ನೊಬ್ಬಳು ಹಿಡಿಯಬೇಕು. ಬೆರಳಗೆಣ್ಣಿನಿಂದ ಕಲ್ಲಿನ ಮೇಲೆ ಎರಡು ಸಲ ಕುಟ್ಟಿದರೆ 'ಸಿಕ್ಕಿದಿ' ಎಂದು ಅರ್ಥ. ಸಿಕ್ಕವಳು ಉಳಿದ ಜೋಳವನ್ನೆಲ್ಲ ಒಬ್ಬಳೇ ಬೀಸಬೇಕು, ಅದೂ ಹಾಡದೆ, ಬಾಯಿ ಮುಚ್ಚಿಕೊಂಡು. ಪದವನ್ನು ಅರ್ಧಕ್ಕೆ ಬಿಡುವುದು ತಪ್ಪುಗಳಲ್ಲೆಲ್ಲ ದೊಡ್ಡ ತಪ್ಪು. ಮೊದಲ ವರ್ಷ ಕನಕಮ್ಮ ದಿನವೂ ಸಿಕ್ಕಿಬೀಳುತ್ತಿದ್ದಳು. ಆಮೇಲೆ ಒಮ್ಮೆಯೂ ಸಿಗಲಿಲ್ಲ. ಮುದಕಮ್ಮ ಆಗೀಗ ಸಿಗುತ್ತಿದ್ದಳು. ಮೊದಮೊದಲು ನಗುತ್ತ ಒಬ್ಬಳೇ ಬೀಸುತ್ತಿದ್ದಳು. ಬರಬರುತ್ತ ನಗು ನಿಂತಿತು.

ಓಣಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಕರೆಂಟು ಹೋದ ದಿನ ಕಲ್ಲಿಗೆ ಕೆಲಸವಿರುತ್ತಿತ್ತು. ಅಂಥದೊಂದು ಬೆಳಗ್ಗೆ ಫಕ್ರುದ್ದೀನ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನು ಇವರ ಹಾಡು ಕೇಳಿ ಬಾಗಿಲಲ್ಲಿ ನಿಂತ. ಬಸ್‌ಸ್ಟ್ಯಾಂಡಿನಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಆಗತಾನೆ ಕ್ಯಾಸೆಟ್ಟಿನ ಹುಚ್ಚು ಹತ್ತಿತ್ತು. ಡೊಳ್ಳಿನ ಪದ, ಭಜನೆ, ಮೊಹರಮ್ಮಿನ ಪದ, ಯಾರು ಚೆನ್ನಾಗಿ ಹಾಡಿದರೂ ತಾನೇ ತುಂಬಿಕೊಂಡು, ತಾನೇ ಪ್ರತಿ ಮಾಡಿ, ಕೊಪ್ಪಳದ ಪ್ರೆಸ್ಸಿನಲ್ಲಿ ಹೊದಿಕೆ ಅಚ್ಚು ಹಾಕಿಸಿ ಮಾರುತ್ತಿದ್ದ. ದೊಡ್ಡ ಕಂಪನಿಗಳಿಗೆ ಯಲಬುರ್ಗಾ ಎಲ್ಲಿದೆಯೆಂದೇ ಗೊತ್ತಿಲ್ಲದಾಗ ಕುಷ್ಟಗಿ, ಕೊಪ್ಪಳ, ಗಂಗಾವತಿಯ ಚಹಾದಂಗಡಿಗಳಲ್ಲಿ ಅವನ ಕ್ಯಾಸೆಟ್ಟುಗಳು ಹಾಡುತ್ತಿದ್ದವು.

ಎಂಬತ್ಮೂರರ ಬೇಸಿಗೆಯಲ್ಲಿ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತರು. ಸದ್ದು ಮರುದನಿಸಬಾರದೆಂದು ನಾಲ್ಕೂ ಗೋಡೆಗೆ ಇವರ ಮನೆಯ ಕೌದಿಗಳನ್ನೇ ಇಳಿಬಿಟ್ಟಿದ್ದ. ಇದ್ದುದು ಒಂದೇ ಮೈಕು. ಅದನ್ನು ಮುದಕಮ್ಮನ ಮುಂದೆ ತೂಗುಹಾಕಿದ. ಕನಕಮ್ಮನಿಗೆ ಹಿಂದೆ ಸರಿಯಿರಿ ಎಂದ. ಇನ್ನೂ ಸ್ವಲ್ಪ ಎಂದ. ಮೂರನೆಯ ಸಲ ಸರಿದಾಗ ಅವಳ ಬೆನ್ನು ಗೋಡೆಯ ಕೌದಿಗೆ ತಾಗಿತು. ನನ್ನ ದನಿ ಚೆನ್ನಾಗಿಲ್ಲ, ಅದಕ್ಕೇ ಹೀಗೆ ದೂಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಆ ಖಾತ್ರಿಯಲ್ಲೇ ಹಾಡಿದಳು.

ಕ್ಯಾಸೆಟ್ಟು ಬಂತು. ಹಳದಿ ಹೊದಿಕೆಯ ಮೇಲೆ ಮುದಕಮ್ಮ ಒಬ್ಬಳ ಫೋಟೋ. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಕನಕಮ್ಮನ ಮಗಳು ಯಮನೂರಮ್ಮ ಆಗ ಐದನೆಯ ಇಯತ್ತೆ. ಬೆರಳಿಟ್ಟು ಓದಿದಳು: "ಮುದಕಮ್ಮ ಮತ್ತು ಸಂಗಡಿಗರು."

"ನನ್ನ ಹೆಸರು ಎಲ್ಲೈತಿ?"

ಹುಡುಗಿ ಕೊನೆಯ ಶಬ್ದದ ಮೇಲೆ ಬೆರಳಿಟ್ಟಳು. "ಇದರಾಗ ಬಂದಿ ನೋಡು."

"ಇದರಾಗ ಮತ್ತ ಯಾರ್ಯಾರು ಅದಾರ?"

"ಮತ್ಯಾರೂ ಇಲ್ಲಬೇ. ನೀನೊಬ್ಬಾಕೆ."

ಎಲ್ಲ ಕ್ಯಾಸೆಟ್ಟಿಗೂ ಪ್ರೆಸ್ಸಿನವರು ಹಾಗೇ ಜೋಡಿಸುತ್ತಾರೆ ಎಂದು ಫಕ್ರುದ್ದೀನ ಸಮಜಾಯಿಷಿ ಹೇಳಿದ. ಮುದಕಮ್ಮ ಒಂದೇ ಮಾತು ಹೇಳಿದಳು. ಮನೆ ಒಂದೇ ಅಂದಮೇಲೆ ಯಾರಾದರೂ ಒಬ್ಬರ ಹೆಸರು ಇದ್ದರೆ ಸಾಕಲ್ಲ ಎಂದಳು. ಮನೆ ಎರಡಾಗಲು ಆ ಮಾತು ಸಾಕಾಯಿತು.

ನಡುವೆ ಗೋಡೆ ಎದ್ದಿತು. ಪಾತ್ರೆ, ಎತ್ತು, ಕೌದಿ ಎಲ್ಲ ಪಾಲಾದವು. ಬೀಸುಕಲ್ಲಿಗೆ ಬಂದಾಗ ಹಗ್ಗ ಜಗ್ಗಾಟ. ಒಬ್ಬರು ಬೀಸುಕಲ್ಲು ಇಟ್ಟುಕೊಳ್ಳಿ, ಇನ್ನೊಬ್ಬರು ಒರಳು ಒಯ್ಯಿರಿ ಎಂದರೆ ಇಬ್ಬರೂ ಒಲ್ಲೆನೆಂದರು. ಬೇಸತ್ತ ಹಿರಿಯರೊಬ್ಬರು, ಹಾಗಾದರೆ ಮೇಲಿನ ಕಲ್ಲು ಹಿರಿಯಳಿಗೆ, ಕೆಳಗಿನ ಕಲ್ಲು ಕಿರಿಯಳಿಗೆ ಎಂದು ಸಿಟ್ಟಿನಲ್ಲಿ ಅಂದುಬಿಟ್ಟರು. ಇಬ್ಬರೂ ತಕ್ಷಣ ಒಪ್ಪಿದರು. ಆ ದಿನದ ಪಾಲಿನಲ್ಲಿ ಜಗಳವಿಲ್ಲದೆ ಮುಗಿದದ್ದು ಅದೊಂದೇ. ಅಂದಿನಿಂದ ಎರಡು ಮನೆಯಲ್ಲೂ ಕಲ್ಲಿತ್ತು, ಯಾರೂ ಬೀಸುವಂತಿರಲಿಲ್ಲ.

* * *

ಮುದಕಮ್ಮನನ್ನು ಪಡಸಾಲೆಯ ಹಾಸುಗಲ್ಲಿನ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ಕುಂಕುಮ, ತವರಿನವರು ತಂದ ಹೊಸ ಸೀರೆ. ಹೆಣ್ಣುಮಕ್ಕಳಿಬ್ಬರೂ ಬಸ್ಸಿಳಿದು ಬಂದು ಬಾಯಿ ಬಡಿದುಕೊಂಡು ಅತ್ತು ಸುಸ್ತಾಗಿದ್ದರು. ಹನುಮಂತಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಕಟ್ಟೆಯ ಮೂಲೆಯಲ್ಲಿ ಫಕ್ರುದ್ದೀನ ಕೂತಿದ್ದ. ಪಕ್ಕದಲ್ಲಿ ಟವೆಲು ಮುಚ್ಚಿದ ಟೇಪ್ ರೆಕಾರ್ಡರು. ಕನಕಮ್ಮ ಹತ್ತಿರ ಬಂದಾಗ ಎದ್ದುನಿಂತು, ಇವತ್ತಿನ ಅಳುವಿನ ಪದ ತುಂಬಿಕೊಳ್ಳುತ್ತೇನೆ, ಹನುಮಂತಪ್ಪ ಹೂಂ ಅಂದಿದ್ದಾನೆ, ಇಂಥ ಕ್ಯಾಸೆಟ್ಟು ಕುಷ್ಟಗಿ ಕಡೆ ಬಹಳ ಕೇಳುತ್ತಾರೆ ಎಂದ. ಕನಕಮ್ಮ ಕೇಳಿದ್ದು ಒಂದೇ.

"ಹೆಸರು?"

"ನಿಮ್ದs ರಿ. ಒಬ್ಬರ್ದs. ಸಂಗಡಿಗರು ಅಂತ ಬರಸಂಗಿಲ್ಲ." ಸ್ವಲ್ಪ ತಡೆದು, "ಒಂದs ವಾರದಾಗ ಖಾಲಿ ಆಕ್ಕಾವು, ಆವಾಗಿನ ಹಂಗ" ಎಂದು ಸೇರಿಸಿದ. ಹಾಗೆನ್ನುವಾಗ ಟವೆಲು ಸರಿಮಾಡುವ ನೆಪದಲ್ಲಿ ಮುಖ ತಗ್ಗಿಸಿದ.

ಕನಕಮ್ಮನ ತಲೆ ತಾನಾಗಿಯೇ ಎತ್ತರವಾಯಿತು. ಆವಾಗಿನ ಹಾಗೆ ಎಂದರೆ ಎರಡು ವರ್ಷದ ಹಿಂದಿನ ಹಾಗೆ. ಹಟ ಹಿಡಿದು, ಫಕ್ರುದ್ದೀನನ ಬೆನ್ನುಹತ್ತಿ, ಗಂಗಾವತಿಯ ಅಕ್ಕಿಗಿರಣಿಯೊಂದರ ಗೋದಾಮಿನಲ್ಲಿ ಭತ್ತದ ಚೀಲಗಳ ನಡುವೆ ಕೂತು ಅವಳು ತನ್ನದೇ ಕ್ಯಾಸೆಟ್ಟು ತುಂಬಿಸಿದ್ದಳು. ಮೈಕು ಅವಳ ಮುಂದೆ. ಹಿಂದೆ ಇಬ್ಬರು ಹುಡುಗಿಯರು. ಹಸಿರು ಹೊದಿಕೆ, ಮೂಗುಬಟ್ಟು ಕಾಣುವ ಫೋಟೋ. 'ಕನಕಮ್ಮ ಮತ್ತು ಸಂಗಡಿಗರು' ಎಂದು ಬರೆಸಲೇಬೇಕೆಂದು ಅವಳೇ ಹೇಳಿದ್ದಳು. ತನ್ನ ಕೆಳಗೂ ಯಾರಾದರೂ ಇರಲಿ ಎಂಬ ಆಸೆ. ವಾರದಲ್ಲಿ ಎಲ್ಲ ಮಾರಿಹೋದವು ಎಂದು ಫಕ್ರುದ್ದೀನ ಹೇಳಿದಾಗ ಅವಳು ಓಣಿಯಲ್ಲಿ ಹತ್ತು ಮನೆಗೆ ಹೋಗಿ ಬಂದಳು, ಯಾವ ಮನೆಯಲ್ಲೂ ಕೆಲಸವಿರಲಿಲ್ಲ.

ಒಂದೇ ಒಂದು ಮುಳ್ಳಿತ್ತು. ಮುದಕಮ್ಮನ ಕ್ಯಾಸೆಟ್ಟು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಹಾಡುತ್ತಿತ್ತು. ಅವಳದು ಯಲಬುರ್ಗಾದಲ್ಲಿ ಒಂದು ಕಿಟಕಿಯಿಂದಲೂ ಕೇಳಿಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಹೊರಗಿನವರು ಕೊಂಡಿರಬೇಕು. ಗಂಗಾವತಿ ಬಸ್ಸು ಹೊರಡುವಾಗ ನಿಂತು, ಯಾರ ಕೈಚೀಲದಲ್ಲಿ ತನ್ನ ದನಿ ಹೋಗುತ್ತಿದೆಯೋ ಎಂದು ನೋಡುತ್ತಿದ್ದಳು. ಇನ್ನಷ್ಟು ಪ್ರತಿ ಮಾಡು ಎಂದರೆ ಫಕ್ರುದ್ದೀನ ಮೂಲ ಟೇಪು ಕೆಟ್ಟಿದೆ ಅನ್ನುತ್ತಿದ್ದ.

ಒಳಗೆ ಮುತ್ತೈದೆಯ ಉಡಿ ತುಂಬುವ ಹೊತ್ತಾಯಿತು. ಐದು ಜನ ಮುತ್ತೈದೆಯರು ಎದ್ದರು. ಗಂಡ ಸತ್ತವಳು ಅಲ್ಲಿ ನಿಲ್ಲುವಂತಿಲ್ಲ. ಮಾಳವ್ವ ಅದನ್ನು ಬಾಯಿಬಿಟ್ಟು ಹೇಳದೆ, ಕುಣಿ ತೋಡುವವರಿಗೆ ಜೋಳ ಕೊಡಬೇಕು, ಒಳಕೋಣೆಯ ಗುಡಾಣದಿಂದ ಒಂದು ಬುಟ್ಟಿ ತೆಗೆದು ಬಾ ಎಂದು ಕಳಿಸಿದಳು. ಕನಕಮ್ಮನಿಗೆ ಅರ್ಥವಾಯಿತು. ಆ ಹೆಣಕ್ಕೆ ಕುಂಕುಮ ಹಚ್ಚುವಷ್ಟೂ ತನಗೆ ಅಧಿಕಾರವಿಲ್ಲ ಎಂದುಕೊಂಡು ಒಳಗೆ ಹೋದಳು.

ಐದು ವರ್ಷದ ಮೇಲೆ ಆ ಕೋಣೆಗೆ ಕಾಲಿಟ್ಟದ್ದು. ಗುಡಾಣದ ಬಾಯಿಗೆ ಮುಚ್ಚಳವಾಗಿ ಬೀಸುಕಲ್ಲಿನ ಮೇಲಿನ ಕಲ್ಲು ಇತ್ತು. ಗೂಟ ಹಾಗೇ ಇತ್ತು, ಇಬ್ಬರ ಕೈಯಿಂದ ನುಣುಪಾದದ್ದು. ಸಣ್ಣ ಗುಡಾಣಕ್ಕೆ ಇಷ್ಟು ಭಾರದ ಮುಚ್ಚಳ ಯಾಕೆ ಎಂದು ಬೈದುಕೊಳ್ಳುತ್ತ ಕಲ್ಲನ್ನು ತೊಡೆಗೆ ಆನಿಸಿಕೊಂಡು ಕೆಳಗಿಳಿಸಿದಳು. ಜೋಳದಲ್ಲಿ ಕೈ ಹಾಕಿದಾಗ ಗಟ್ಟಿಯಾದದ್ದೇನೋ ಸಿಕ್ಕಿತು. ಹೊರಗೆಳೆದಳು. ಹಸಿರು ಹೊದಿಕೆ. ಓದು ಬರದಿದ್ದರೂ ತನ್ನ ಮುಖ ತನಗೆ ಗೊತ್ತಾಗುತ್ತದೆ.

ಮತ್ತೆ ಕೈ ಹಾಕಿದಳು. ಇನ್ನೊಂದು. ಮಗದೊಂದು. ಕೈ ಹಾಕಿದಲ್ಲೆಲ್ಲ ಅವಳೇ ಸಿಗುತ್ತಿದ್ದಳು. ಮೇಲಿನ ಹಾಳೆಯನ್ನೂ ಹರಿಯದೆ, ಅಂಗಡಿಯಿಂದ ಬಂದ ಹಾಗೇ ಇದ್ದವು. ಬಸ್ಸಿನಲ್ಲಿ ಗಂಗಾವತಿಗೆ ಹೋದವು, ಕುಷ್ಟಗಿಯ ಮದುವೆಗಳಲ್ಲಿ ಹಾಡುತ್ತಿವೆ ಎಂದುಕೊಂಡವೆಲ್ಲ ಗೋಡೆಯಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಜೋಳದಲ್ಲಿ ಹೂತಿದ್ದವು. ಎರಡು ವರ್ಷ ತಾನು ಹಾಡುಗಾರ್ತಿ ಎಂದು ಎದೆಯೆತ್ತಿ ಓಡಾಡಿದ್ದಳಲ್ಲ, ಊರು ನಕ್ಕಿರಬೇಕು. ಇಲ್ಲ, ಊರಿಗೆ ಗೊತ್ತೇ ಇಲ್ಲ. ನಗುವುದಕ್ಕಾದರೂ ಯಾರಾದರೂ ಕೇಳಿರಬೇಕಲ್ಲ.

ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದೊಂದು ಸಿಕ್ಕಿತು. ಅದರ ಹೊದಿಕೆಯ ಮೂಲೆಗಳು ಬೆರಳಾಡಿ ಬೆಳ್ಳಗಾಗಿದ್ದವು. ಹರಿದ ಟೇಪನ್ನು ಎರಡು ಕಡೆ ಅಂಟು ಹಚ್ಚಿ ಕೂಡಿಸಿದ್ದರು. ಅದೇಕೆ ಹಾಗಿದೆ ಎಂದು ಯೋಚಿಸುವ ತಾಳ್ಮೆ ಅವಳಿಗಿರಲಿಲ್ಲ. ಎಲ್ಲವನ್ನೂ ಜೋಳದೊಳಗೆ ತುರುಕಿ, ಬುಟ್ಟಿ ತುಂಬಿ ತಂದು ಕುಣಿಯವರ ಮುಂದಿಟ್ಟು, ನೆಟ್ಟಗೆ ಕಟ್ಟೆಗೆ ನಡೆದಳು.

"ನನ್ನ ಕ್ಯಾಸೆಟ್ಟು ಯಾರು ಕೊಂಡ್ರು?"

ಫಕ್ರುದ್ದೀನ ಅವಳ ಕೈಯ ಜೋಳದ ಧೂಳು ನೋಡಿದ. ಇನ್ನು ಮುಚ್ಚಿಡಲಾಗದು ಎಂದು ಅವನಿಗೂ ತಿಳಿಯಿತು. ಹೆಣದ ಕಡೆ ಒಮ್ಮೆ ನೋಡಿ, ಅಲ್ಲಿಂದಲೇ ಅಪ್ಪಣೆ ಕೇಳುವವನಂತೆ ತಡೆದು, ಹೇಳಿದ.

"ಮುದಕಮ್ಮಕ್ಕ ಆಡು ಮಾರಿ ಬಂದಿದ್ರು. ಇದ್ದಷ್ಟೂ ಕೊಡು, ಮತ್ತ ಮಾಡಬ್ಯಾಡ ಅಂದ್ರು. ಆಣಿ ಹಾಕಿಸಿಕೊಂಡ್ರು. ಯಾಕ ಅಂತ ಕೇಳಿದ್ರ, ಊರಾಗ ಆಕಿ ದನಿ ಕೇಳಬಾರದು ಅಂದ್ರು."

ಅವನು ಇನ್ನೊಂದನ್ನೂ ಹೇಳಿಬಿಟ್ಟ.

"ಮೊದಲನೇ ಸಲ ನಿಮ್ಮನ್ನ ಗ್ವಾಡಿಗೆ ಸರಿಸಿದ್ನೆಲ್ರಿ, ನಿಮ್ಮ ದನಿ ಮುಂದ ಬಂದ್ರ ಅಕ್ಕನ ದನಿ ಮುಳುಗತಿತ್ತು. ಅದು ಅಕ್ಕಗೂ ಗೊತ್ತಿತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ."

ಕಂಬಕ್ಕೆ ಒರಗಿದ್ದ ಹನುಮಂತಪ್ಪ ಬೆಳಗಿನಿಂದ ಹೂಂ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ. ಈಗ ನೆಲ ನೋಡುತ್ತಲೇ ಬಾಯಿ ತೆರೆದ.

"ಒಂದು ಬಿಚ್ಚಿದ್ಲವ್ವ. ಕೌದಿ ಮುಸುಕು ಹೊದ್ದು, ದನಿ ಸಣ್ಣ ಮಾಡಿ, ಕಿವಿಗೆ ಹಚಗೊಂಡು ಕೇಳತಿದ್ಲು. ದಿನಾ. ಏನು ಕೇಳತೀಯ ಅಂದ್ರ, ತಪ್ಪು ಹುಡಕಾಕತ್ತೀನಿ ಅಂತಿದ್ಲು. ಎಲ್ಲೆರ ಒಂದು ಸೊಲ್ಲು ತಪ್ಪಿರತಾಳ, ಹಿಡೀತೀನಿ ಅಂತ." ಅವನು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. "ನಿನ್ನೆ ಸಂಜಿಗೂ ಕೇಳಿದೆ, ಸಿಕ್ತೇನು ಅಂತ. ಇನ್ನೂ ಸಿಕ್ಕಿಲ್ಲ ಅಂದ್ಲು."

ಕನಕಮ್ಮನಿಗೆ ಸಂತೋಷವಾಯಿತು. ಸಾವಿನ ಮನೆಯಲ್ಲಿ ಆಗಬಾರದು, ಆದರೂ ಆಯಿತು. ಎರಡು ವರ್ಷ, ದಿನವೂ, ಟೇಪು ಹರಿಯುವಷ್ಟು ಕೇಳಿ, ಊರಿಗೆಲ್ಲ ತಪ್ಪು ಹಿಡಿಯುತ್ತಿದ್ದ ಮುದಕಮ್ಮನಿಗೇ ಒಂದು ತಪ್ಪು ಸಿಗಲಿಲ್ಲ. ಆ ಸಂತೋಷವನ್ನು ಯಾರಿಗೆ ತೋರಿಸಲಿ ಎಂದು ತಲೆ ಎತ್ತಿದಾಗ ಎದುರಿಗೆ ಮುದಕಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಅವಳನ್ನು ಬಿಟ್ಟರೆ ಅದು ಬೇರೆ ಯಾರಿಗೂ ತಿಳಿಯುವಂಥದಲ್ಲ. ಹೊಟ್ಟೆಯುರಿ ಹಾಗೇ ಇತ್ತು, ಉರಿಯುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ. ಆಗ ಅವಳಿಗೆ ಮೊದಲ ಸಲ ಅಳು ಬಂತು.

* * *

ಫಕ್ರುದ್ದೀನ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಕನಕಮ್ಮ ಹೆಣದ ಎದುರು ಕೂತು ಸೆರಗು ಬಾಯಿಂದ ತೆಗೆದಳು.

ಮೊದಲ ಸೊಲ್ಲು ಎತ್ತುವಾಗ ಒಂದು ಕ್ಷಣ ತಡೆದಳು, ಯಾರಾದರೂ ಎತ್ತಿಕೊಡಲಿ ಎಂಬಂತೆ. ಯಾರೂ ಎತ್ತಿಕೊಡಲಿಲ್ಲ. ಆಮೇಲೆ ಅವಳ ದನಿ ಎದ್ದಿತು. ಅಂಗಳದಲ್ಲಿ ಬೀಡಿ ಸೇದುತ್ತಿದ್ದ ಗಂಡಸರು ಬೀಡಿ ಕೆಳಗಿಳಿಸಿದರು.

ಸಿದ್ದಾಪುರದ ಹಸಿರು ಗದ್ದೆಯಿಂದ ಎರೆಮಣ್ಣಿನ ಊರಿಗೆ ಬಂದವಳೇ ಎಂದು ಹಾಡಿದಳು. ಅನ್ನ ಉಂಡು ಬೆಳೆದವಳು ರೊಟ್ಟಿ ಬಡಿಯಲು ಬಾರದೆ ಅತ್ತೆಯ ಕೈಲಿ ಪೆಟ್ಟು ತಿಂದದ್ದು, ತವರಿನ ಅಕ್ಕಿಚೀಲವನ್ನು ಓಣಿಯ ಬಾಣಂತಿಯರಿಗೆಲ್ಲ ಹಂಚಿದ್ದು, ಗಂಡು ಹುಟ್ಟಲಿಲ್ಲವೆಂದು ಜನ ಆಡಿಕೊಂಡಾಗ ಬೀಸುಕಲ್ಲಿಗೆ ಮಾತ್ರ ಹೇಳಿಕೊಂಡದ್ದು, ಕಳಕಪ್ಪ ಸತ್ತ ದಿನ ನೆಗೆಣ್ಣಿಯ ಬಳೆ ಒಡೆಯಲು ಬಂದವರನ್ನು ಬಾಗಿಲಲ್ಲಿ ತಡೆದು, ಇನ್ನೊಂದು ಗಳಿಗೆ ಇರಲಿ ಬಿಡಿ ಎಂದು ಅಡ್ಡ ನಿಂತದ್ದು, ಎಲ್ಲ ಬಂತು. ಕೊನೆಯದು ತನಗೆ ನೆನಪಿದೆ ಎಂದು ಹಾಡುವವರೆಗೂ ಕನಕಮ್ಮನಿಗೆ ಗೊತ್ತಿರಲಿಲ್ಲ. ಆಡು ಮಾರಿದ್ದೂ ಬಂತು, ಯಾಕೆ ಮಾರಿದಳೆಂಬುದು ಮಾತ್ರ ಬರಲಿಲ್ಲ. ಹೆಣ್ಣುಮಕ್ಕಳು ತಾಯಿಯ ಮಡಿಲಿಗೆ ಬಿದ್ದು ಅತ್ತರು. ಮಾಳವ್ವ ಕಣ್ಣೊರೆಸುತ್ತ, ಒಂದು ಸೊಲ್ಲು ತಪ್ಪಲಿಲ್ಲ ನೋಡು ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು.

ಹಲಗೆ ಬಾರಿಸುವವರು ಹೊರಗೆ ಬಂದು ನಿಂತರು. ಹೆಣ ಎತ್ತುವ ಹೊತ್ತಾಯಿತು ಎಂದು ಯಾರೋ ಕೈಸನ್ನೆ ಮಾಡಿದರು. ಕನಕಮ್ಮ ಕೊನೆಯ ಪದ ಎತ್ತಿದಳು. ಐದು ವರ್ಷದಿಂದ ನಾಲಿಗೆಯ ಮೇಲೆ ಮಸೆದಿಟ್ಟಿದ್ದ ಪದ:

ಹೆಸರ ಬರಸಿದಾಕಿ ಒಬ್ಬಾಕೆ ಹೊಂಟೆಲ್ಲ
ಸಂಗಡ ಬರುವವರು ಯಾರವ್ವ – ನನ ಅಕ್ಕ

ಮೂರನೆಯ ಸೊಲ್ಲು ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಸಂಗಡಿಗರು ಇಲ್ಲೇ ಉಳದಾರ.' ಚುಚ್ಚಲೆಂದು ಕಟ್ಟಿದ್ದು. ಈಗ ಅದೇ ಸೊಲ್ಲು ತನ್ನ ಎದೆಗೇ ನೆಟ್ಟಗೆ ಬಂದು ನಿಂತಿತ್ತು. ಅದನ್ನು ಹಾಡಬಹುದಿತ್ತು. ಗಂಟಲು ಕಟ್ಟಿರಲಿಲ್ಲ, ಮರೆತಿರಲಿಲ್ಲ. ಅವಳು ಮುದಕಮ್ಮನ ಮುಖ ನೋಡಿದಳು. ನೋಡುತ್ತ ಪದವನ್ನು ಅರ್ಧಕ್ಕೆ ಬಿಟ್ಟಳು.

ಯಂತ್ರದಲ್ಲಿ ಟೇಪು ಸುತ್ತುವ ಸದ್ದಷ್ಟೇ ಉಳಿಯಿತು. ದುಃಖ ಉಕ್ಕಿಬಂತೆಂದು ತಿಳಿದು ಮಾಳವ್ವ ದನಿ ಕೂಡಿಸಲು ಹೋದಳು. ಕನಕಮ್ಮ ಕೈಯೆತ್ತಿ ತಡೆದಳು. ಮುಂದಕ್ಕೆ ಬಾಗಿ, ಮುದಕಮ್ಮನನ್ನು ಕೂಡಿಸಿದ್ದ ಹಾಸುಗಲ್ಲಿನ ಮೇಲೆ ಬೆರಳಗೆಣ್ಣಿನಿಂದ ಎರಡು ಸಲ ಕುಟ್ಟಿದಳು.

ಹನುಮಂತಪ್ಪ ತಲೆ ಎತ್ತಿದ.

ಹೆಣ ಎತ್ತಿದರು. ಹಲಗೆ ಶುರುವಾಯಿತು. ಗದ್ದಲದ ನಡುವೆ ಫಕ್ರುದ್ದೀನ ಅವಳ ಹತ್ತಿರ ಬಂದು, ಕೊನೆಯ ಸೊಲ್ಲೊಂದು ಬಿಟ್ಟುಹೋಯಿತು, ನಾಳೆ ಅಂಗಡಿಗೆ ಬಂದು ಅಷ್ಟನ್ನೇ ಹಾಡಿದರೆ ಅಳಿಸಿ ತುಂಬುತ್ತೇನೆ ಎಂದ.

"ಅಳಿಸಬ್ಯಾಡ."

"ಮಂದಿ ತಪ್ಪೈತಿ ಅಂತಾರ್ರಿ. ನಿಮ್ಮ ಹೆಸರಿನ ಮ್ಯಾಲೆ ಬರತೈತಿ."

"ತಪ್ಪs ಐತಿ. ಇರ್ಲಿ."

ಹಾಗಾದರೆ ಹೊದಿಕೆಯ ಮೇಲೆ ಹೆಸರು ಹೇಗೆ ಬರೆಸಲಿ ಎಂದು ಅವನು ಕೇಳುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.

* * *

ಮಣ್ಣು ಕೊಟ್ಟು, ಮಿಂದು, ದೀಪ ನೋಡಿಹೋಗಲು ಗಂಡಸರು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಹೆಣ ಕೂಡಿಸಿದ್ದ ಹಾಸುಗಲ್ಲನ್ನು ತೊಳೆದು ಅದರ ಮೇಲೆ ದೀಪ ಹಚ್ಚಿದ್ದರು. ಬಾಗಿಲಿಗೆ ಬಂದ ಹನುಮಂತಪ್ಪ ಅಲ್ಲೇ ನಿಂತ. ಗೋಡೆಯಾಚೆಯಿಂದ ಗರಗರ ಸದ್ದು ಬರುತ್ತಿತ್ತು. ಐದು ವರ್ಷದಿಂದ ಆ ಓಣಿಯಲ್ಲಿ ಯಾರೂ ಕೇಳಿರದ ಸದ್ದು.

ಮಾಳವ್ವ ದೂರು ಹೇಳಿದಳು. ಹೆಣ ಅತ್ತ ಹೋಗಿದ್ದೇ ತಡ, ಕನಕಮ್ಮ ಒಳಕೋಣೆಯಿಂದ ಮೇಲಿನ ಕಲ್ಲನ್ನು ಹೊರತಂದು ಓಣಿಯ ತುಂಬ ಉರುಳಿಸಿಕೊಂಡು ಹೋದಳಂತೆ. ಯಾರಿಗೂ ಕೈಹಚ್ಚಲು ಬಿಡಲಿಲ್ಲವಂತೆ. ಮತ್ತೆ ಬಂದು ಗುಡಾಣದಿಂದ ಬುಟ್ಟಿತುಂಬ ಜೋಳವನ್ನೂ ಒಯ್ದಳಂತೆ. ಸಾವಾದ ದಿನ ಬೀಸಬಾರದು ಎಂದರೆ ಬಾಯಿ ಬಿಡಲಿಲ್ಲವಂತೆ.

"ಬೀಸಾಕಿ ಬೀಸ್ಲಿ, ಒಂದು ಪದನರ ಹಾಡಬಾರದೇನು? ಅಷ್ಟು ಛಲೋ ದನಿ ಐತಿ" ಎಂದಳು ಮಾಳವ್ವ.

"ಹಾಡಂಗಿಲ್ಲವ್ವ" ಎಂದ ಹನುಮಂತಪ್ಪ. "ಸಿಕ್ಕಾಳ."

ಮಾಳವ್ವನಿಗೆ ಅರ್ಥವಾಗಲಿಲ್ಲ. ಅವನು ದೀಪದ ಮುಂದೆ ಕೂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಗೋಡೆಯಾಚೆ ಕಲ್ಲು ನಿಲ್ಲದೆ ತಿರುಗುತ್ತಿತ್ತು. ಕತ್ತಲಾದರೂ ಬುಟ್ಟಿಯ ಜೋಳ ಮುಗಿದಿರಲಿಲ್ಲ.